ಮನೆಯ ಒಂದೇ ಕೋವಿ, ಅಂಗಡಿಯ ನೂರು ರೈಫಲ್

ಸುಳ್ಯದ ಕಡೆಯ ನಮ್ಮ ಅಡಿಕೆ ತೋಟದ ಮನೆಯಲ್ಲಿ ಇದ್ದುದು ಒಂದೇ ಕೋವಿ. ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಬಂದ ಆ ಒಂಟಿ ನಳಿಗೆಯ ತೋಟೆ ಕೋವಿಗೆ ಲೈಸೆನ್ಸು ಸಿಕ್ಕಿದ್ದು ಬೆಳೆ ರಕ್ಷಣೆಗೆಂದು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಬೇಟೆ ಅಪರಾಧವಾದ್ದರಿಂದ, ಮಂಗ ಮತ್ತು ಹಂದಿಗಳನ್ನು ಬೆದರಿಸಲು ಆಕಾಶಕ್ಕೊಂದು ಈಡು ಹಾರಿಸುವುದಷ್ಟೇ ಅದರ ಕೆಲಸವಾಗಿತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಯಾವ ಕೋವಿ ಒಳ್ಳೆಯದು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುತ್ತಿರಲಿಲ್ಲ. ಆದರೆ ಇರುವ ಕೋವಿಯ ಕುದುರೆ (ಟ್ರಿಗರ್) ಎಷ್ಟು ಬಿಗಿ, ಅದು ಭುಜಕ್ಕೆ ಹೇಗೆ ಒದೆಯುತ್ತದೆ ಎಂಬುದು ಅಪ್ಪನಿಗೆ ಕತ್ತಲಲ್ಲೂ ಗೊತ್ತಿತ್ತು.

ನಾನೀಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿ ಗ್ರೀನ್ ಕಾರ್ಡ್ ಇರುವವನು ಅಂಗಡಿಯಲ್ಲೇ 4473ನೇ ನಮೂನೆ ತುಂಬಿ, ಹಿನ್ನೆಲೆಯ ತಪಾಸಣೆ ಮುಗಿದರೆ, ಅಂದೇ ರೈಫಲ್ ಹಿಡಿದು ಮನೆಗೆ ಹೋಗಬಹುದು. ಗೋಡೆಯ ತುಂಬ ಸಾಲಾಗಿ ನಿಂತ ರೈಫಲ್‌ಗಳ ಮುಂದೆ ನಿಂತಾಗ ನನಗೆ ಸಂತೋಷಕ್ಕಿಂತ ಗಲಿಬಿಲಿಯೇ ಹೆಚ್ಚಾಯಿತು. ಅಂಗಡಿಯವನು 300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ದೊಡ್ಡ ತೋಟೆಯ ರೈಫಲ್ ತೋರಿಸಿ, ಭಾರೀ ಗಾತ್ರದ ಜಿಂಕೆಯಾದ ಎಲ್ಕ್‌ವರೆಗೂ ಸಾಕೆಂದ. ವರ್ಷಕ್ಕೆ ಹತ್ತಾರು ದಿನ ಗುರಿ ಅಭ್ಯಾಸದ ರೇಂಜಿಗೆ, ಎರಡು ಮೂರು ದಿನ ಕಾಡಿಗೆ ಹೋಗುವ ನನ್ನಂಥವನಿಗೆ ಎಲ್ಕ್ ಎಲ್ಲಿಂದ ಬರಬೇಕು? ಇಲ್ಲಿಯ ಬಿಳಿಬಾಲದ ಜಿಂಕೆಗೆ 1952ರಿಂದ ಬಳಕೆಯಲ್ಲಿರುವ 308 ವಿಂಚೆಸ್ಟರ್ ತೋಟೆ ಧಾರಾಳವಾಗಿ ಸಾಲುತ್ತದೆ. ಅದರ ಕತ್ತನ್ನೇ ಕಿರಿದು ಮಾಡಿ 1955ರಲ್ಲಿ ತಂದ 243ರ ಒದೆತ ಸುಮಾರು ಅದರ ಅರ್ಧದಷ್ಟು. ಒದೆತಕ್ಕೆ ಹೆದರಿ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವವನಿಗೆ ದೊಡ್ಡ ತೋಟೆಯಿಂದ ಏನು ಪ್ರಯೋಜನ? ನಾನು 500 ಡಾಲರಿನ ಆಸುಪಾಸಿನ ಒಂದು ಬೋಲ್ಟ್ ಆಕ್ಷನ್ 308 ಕೊಂಡೆ; ಪ್ರತಿ ಈಡಿಗೂ ಕೈಯಿಂದ ಹಿಡಿಕೆ ಎಳೆದು ತೋಟೆ ತುಂಬುವ ಬಗೆಯದು. ಈ ರಾಜ್ಯದಲ್ಲಿ ಜಿಂಕೆ ಬೇಟೆಗೆ, ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್ ಒಯ್ಯುವಂತಿಲ್ಲವಾದ್ದರಿಂದ ಆ ಒಂದು ಆಯ್ಕೆಯನ್ನಾದರೂ ಕಾನೂನೇ ಮಾಡಿಕೊಟ್ಟಿತು.

ನಾನು ಎಡವಿದ್ದು ಸ್ಕೋಪಿನಲ್ಲಿ, ಅಂದರೆ ಗುರಿ ಹಿಡಿಯಲು ರೈಫಲಿನ ಮೇಲೆ ಕೂರಿಸುವ ದೂರದರ್ಶಕದಲ್ಲಿ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂಬ ನಮ್ಮ ಎಂದಿನ ನಂಬಿಕೆಯಿಂದ 6-24×50 ಕೊಂಡೆ: ಆರರಿಂದ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲವಿರುವ ಸ್ಕೋಪು. ಮೊದಲ ಸೀಸನ್ನಿನ ಬೆಳಗಿನ ಜಾವ, ಕಿತ್ತಳೆ ಬಣ್ಣದ ಅಂಗಿ ತೊಟ್ಟು ಓಕ್ ಮರಕ್ಕೆ ಒರಗಿ ಕುಳಿತಿದ್ದಾಗ ನಲವತ್ತು ಗಜದೊಳಗೆ ಜಿಂಕೆಯೊಂದು ಬಂದು ನಿಂತಿತು. ಬರಿಗಣ್ಣಿಗೆ ಅದರ ಕಿವಿ ಅಲುಗುವುದೂ ಕಾಣುತ್ತಿತ್ತು. ಸ್ಕೋಪಿನಲ್ಲಿ ಕಂಡದ್ದು ಮರದ ತೊಗಟೆ, ಮತ್ತೆ ತೊಗಟೆ, ಆಮೇಲೆ ಖಾಲಿ ಪೊದೆ. ಮೂರು ಪಟ್ಟು ಹಿಗ್ಗಿಸಿದಾಗ ನೂರು ಗಜದಲ್ಲಿ ಸುಮಾರು ಮೂವತ್ತು ಅಡಿ ಅಗಲದ ನೋಟ ಸಿಕ್ಕರೆ, ಆರು ಪಟ್ಟಿನಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಬೆಳಕಿನ ಲೆಕ್ಕವೂ ಹಾಗೆಯೇ: ಮುಂದಿನ ಗಾಜಿನ ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 50ನ್ನು 24ರಿಂದ ಭಾಗಿಸಿದರೆ ಬರೀ ಎರಡು ಮಿಲಿಮೀಟರ್. 40ನ್ನು 4ರಿಂದ ಭಾಗಿಸಿದರೆ ಹತ್ತು, ಅಂದರೆ ಮಬ್ಬಿನಲ್ಲಿ ನಮ್ಮ ಕಣ್ಣಪಾಪೆ ಹಿಗ್ಗುವುದಕ್ಕಿಂತಲೂ ಹೆಚ್ಚು. ಮರುವರ್ಷ ಅದನ್ನು ಮಾರಿ, ಇಲ್ಲಿಯ ಮುದುಕರೆಲ್ಲ ಬಳಸುವ 3-9×40 ಹಾಕಿಸಿದೆ. ಈ ಬಾರಿ ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ರೈಫಲನ್ನು ಭುಜಕ್ಕೇರಿಸಿ, ಕೆನ್ನೆಯೂರಿ, ಆಮೇಲೆ ಕಣ್ಣು ತೆರೆದೆ. ಅಂಚಿನಲ್ಲಿ ಕಪ್ಪು ಕಾಣದೆ ಪೂರ್ಣ ವೃತ್ತ ಕಾಣುವವರೆಗೂ ಸ್ಕೋಪನ್ನು ಹಿಂದೆ ಮುಂದೆ ಸರಿಸಲು ಹೇಳಿದೆ. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಿನಷ್ಟು ಅಂತರ ಇರದಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ಉಳಿದ ಹಣ ತೋಟೆಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನೂರು ಗಜದಲ್ಲಿ ಮೂರು ಈಡು ಹೊಡೆದು, ಅವುಗಳ ಗುಂಪು ಎರಡು ಇಂಚು ಕೆಳಗೆ ಬಿದ್ದಿದ್ದರೆ ಸ್ಕೋಪಿನ ಮೇಲಿನ ತಿರುಪನ್ನು ಎಂಟು ಕ್ಲಿಕ್ ತಿರುಗಿಸಬೇಕು, ಒಂದೊಂದು ಕ್ಲಿಕ್ಕಿಗೂ ಗುರಿ ಕಾಲು ಇಂಚು ಸರಿಯುತ್ತದೆ. ಐವತ್ತು ಗಜದಲ್ಲಾದರೆ ಕ್ಲಿಕ್ಕಿಗೆ ಅದರ ಅರ್ಧವಷ್ಟೇ ಸರಿಯುವುದರಿಂದ ಹದಿನಾರು. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು, ಉಸಿರು ಬಿಟ್ಟು ಕುದುರೆ ಎಳೆಯುವುದನ್ನು ಕಲಿಯಲು ಸಾಲದು. ಊರಿನಲ್ಲಿ ಒಂದೇ ಕೋವಿ ಇದ್ದುದರಿಂದ ಅದನ್ನು ಅರಿಯದೆ ಗತಿಯಿರಲಿಲ್ಲ. ಇಲ್ಲಿ ಗುರಿ ತಪ್ಪಿದವನು ಮತ್ತೆ ಅಂಗಡಿಗೆ ಹೋಗುತ್ತಾನೆ. ನನ್ನೊಡನೆ ರೇಂಜಿಗೆ ಬರುವ ಗೆಳೆಯ ಈಗ ಮೂರನೆಯ ರೈಫಲ್ ನೋಡುತ್ತಿದ್ದಾನೆ. ಮೊದಲನೆಯದಕ್ಕೆಂದು ತಂದ ಇಪ್ಪತ್ತು ತೋಟೆಗಳ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ಉಳಿದಿವೆ.