ಅನುಪಾತ ಕೊಟ್ಟರೆ ಸಾಲದು

ವೇಗ ಎಷ್ಟು ಪಟ್ಟು ಇಳಿಯಬೇಕು ಎಂಬ ಅನುಪಾತ ಟೈಪ್ ಮಾಡಿದರೆ ಸಾಕು, ರೋಬೋಟ್ ಗೇರ್‌ಬಾಕ್ಸ್ ವಿನ್ಯಾಸ ಕಂಪ್ಯೂಟರಿನಲ್ಲಿ ತಾನೇ ತಯಾರಾಗುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ. ಅಷ್ಟು ಸಲೀಸಲ್ಲ. ಪ್ಲಾನೆಟರಿ ಗೇರನ್ನೇ ತಗೊಳ್ಳಿ. ಅದರಲ್ಲಿ ನಡುವೆ ಸನ್ ಎಂಬ ಗೇರ್, ಅದರ ಸುತ್ತ ಪ್ಲಾನೆಟ್ ಎಂಬ ಗೇರ್‌ಗಳು, ಅವನ್ನೆಲ್ಲ ಸುತ್ತುವರಿದು ಒಳಮುಖ ಹಲ್ಲಿನ ರಿಂಗ್ ಇರುತ್ತವೆ. ನಡುವಿನ ಸನ್‌ಗೆ 18 ಹಲ್ಲು, ಪ್ಲಾನೆಟ್‌ಗೆ 27, ಹೊರಗಿನ ರಿಂಗ್‌ಗೆ 72. ರಿಂಗ್ ತಿರುಗದಂತೆ ಹಿಡಿದು ಸನ್ ತಿರುಗಿಸಿದರೆ 5:1, ಅಂದರೆ ಸನ್ ಐದು ಸುತ್ತು ತಿರುಗಿದಾಗ ಪ್ಲಾನೆಟ್‌ಗಳನ್ನು ಹಿಡಿದಿರುವ ಚೌಕಟ್ಟು ಒಂದು ಸುತ್ತು. 18 + 72 = 90, ಮೂರರಿಂದ ಭಾಗವಾಗುತ್ತದೆ. ಹಾಗಾಗಿ ಮೂರು ಪ್ಲಾನೆಟ್ ಸಮ ಅಂತರದಲ್ಲಿ ಕೂರುತ್ತವೆ. ಸನ್‌ಗೆ 19, ರಿಂಗ್‌ಗೆ 73 ಮಾಡಿ ನೋಡಿ. ಮೊತ್ತ 92, ಮೂರರಿಂದ ಭಾಗವಾಗುವುದಿಲ್ಲ. ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತದೆ, ಜೋಡಿಸಲು ಹೋದರೆ ಎರಡನೇ ಪ್ಲಾನೆಟ್ ತನ್ನ ಜಾಗಕ್ಕೆ ಇಳಿಯುವುದೇ ಇಲ್ಲ! ಓಪನ್‌ಸ್ಕ್ಯಾಡ್‌ನಲ್ಲಿ (ಕೋಡ್ ಬರೆದು ತ್ರೀಡಿ ಆಕಾರ ಮಾಡುವ ತಂತ್ರಾಂಶ) ಬರೆಯುವವರು ಇದಕ್ಕೊಂದು ಅಸರ್ಟ್ ಸಾಲು, ಅಂದರೆ ಷರತ್ತು ತಪ್ಪಿದರೆ ಅಲ್ಲೇ ನಿಲ್ಲಿಸುವ ಸಾಲು, ಹಾಕಿಕೊಳ್ಳಿ. ಇನ್ನು ಹಲ್ಲುಗಳ ನಡುವಿನ ಸಡಿಲ. ಅದನ್ನು ಕೋಡಿನೊಳಗೆ ಎಲ್ಲೋ ಹೂತುಬಿಡಬೇಡಿ, ಬೇರೆ ಪ್ಯಾರಾಮೀಟರ್ (ಬೇಕಾದಾಗ ಬದಲಿಸಬಹುದಾದ ಅಳತೆ) ಮಾಡಿ ಕೋಡಿನ ಮೇಲ್ಭಾಗದಲ್ಲೇ ಇಡಿ. ತ್ರೀಡಿ ಪ್ರಿಂಟರ್ ಬದಲಾದರೆ ಮೊದಲು ತಿದ್ದಬೇಕಾಗುವುದು ಅದನ್ನೇ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ, ಅಲ್ವಾ?