ಮಾಲು ಯಾರದ್ದೋ, ಸಿಕ್ಕಿಬಿದ್ದವರು ಇನ್ಯಾರೋ

ನಮ್ಮಪ್ಪ ಲಾರಿ ಡ್ರೈವರ್. ಒಂದ್ಸಲ ಚನ್ನಗಿರಿ ಕಡೆಯಿಂದ ಅಡಿಕೆ ತುಂಬಿಕೊಂಡು ಹೊರಟವರನ್ನು ಚೆಕ್‌ಪೋಸ್ಟ್‌ನಲ್ಲಿ ಹಿಡಿದರು. ಬಿಲ್‌ನಲ್ಲಿ ಇದ್ದದ್ದಕ್ಕಿಂತ ಲಾರಿಯಲ್ಲಿ ಚೀಲ ಜಾಸ್ತಿ ಇದ್ದವು. ಲೋಡ್ ಮಾಡಿಸಿದವರು ದಾವಣಗೆರೆಯಲ್ಲಿ ಆರಾಮಾಗಿದ್ದರು. ಅಪ್ಪ ಎರಡು ರಾತ್ರಿ ಲಾರಿ ಕೆಳಗೆ ತಾಡಪಾಲು ಹಾಸಿಕೊಂಡು ಮಲಗಿದರು.

ವಿದೇಶಿ ಹಡಗುಗಳ ಕಸ್ಟಮ್ಸ್ ಜಗಳದ ಬಗ್ಗೆ ಓದುವಾಗ ನನಗೆ ಆ ತಾಡಪಾಲೇ ನೆನಪಾಗುತ್ತದೆ.

'ಸೈಗಾ' ಅಂತ ಒಂದು ಡೀಸೆಲ್ ಟ್ಯಾಂಕರ್. ಮಾಲೀಕರು ಸೈಪ್ರಸ್‌ನವರು, ನೋಡಿಕೊಳ್ಳುವ ಕಂಪನಿ ಸ್ಕಾಟ್ಲೆಂಡ್‌ನದು, ಬಾಡಿಗೆಗೆ ಹಿಡಿದವರು ಸ್ವಿಟ್ಜರ್ಲೆಂಡ್‌ನವರು, ಬಾವುಟ, ಅಂದ್ರೆ ನೋಂದಣಿ, ಕೆರಿಬಿಯನ್‌ನ ಪುಟ್ಟ ದ್ವೀಪದೇಶ ಸೇಂಟ್ ವಿನ್ಸೆಂಟ್‌ದು. ಕ್ಯಾಪ್ಟನ್ ಮಾತ್ರ ಉಕ್ರೇನ್‌ನ ಒಬ್ಬ ಸಂಬಳದ ಮನುಷ್ಯ. ಸಮುದ್ರದಲ್ಲಿ ಮೀನುಗಾರಿಕೆ ಹಡಗುಗಳಿಗೆ ಡೀಸೆಲ್ ಮಾರಿದ್ದು ಕಳ್ಳಸಾಗಣೆ ಅಂತ 1997ರ ಅಕ್ಟೋಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದವರು ಗುಂಡು ಹಾರಿಸಿ ಅದನ್ನು ಹಿಡಿದರು. 1,500 ಕೋಟಿ ಗಿನಿ ಫ್ರಾಂಕ್‌ಗೂ ಜಾಸ್ತಿ ದಂಡ ಬಿತ್ತು. ಬಿದ್ದಿದ್ದು ಆ ಕ್ಯಾಪ್ಟನ್ ಮೇಲೆ!

ತೀರದಿಂದ 24 ನಾಟಿಕಲ್ ಮೈಲಿವರೆಗೆ ಕಸ್ಟಮ್ಸ್ ತಪಾಸಣೆ ಮಾಡಬಹುದು ಅನ್ನುತ್ತದೆ ಸಮುದ್ರ ಕಾನೂನು. ಅಂದ್ರೆ ಸುಮಾರು 44 ಕಿಲೋಮೀಟರ್. ದಾವಣಗೆರೆಯಿಂದ ಹೊರಟರೆ ಚಿತ್ರದುರ್ಗವೂ ಸಿಗದಷ್ಟು ದೂರ. ಗಿನಿ 250 ಕಿಲೋಮೀಟರ್ ತನ್ನದು ಅಂದಿತ್ತು. ಹೆಚ್ಚೂ ಕಡಿಮೆ ಬೆಂಗಳೂರೇ ಬಂತಲ್ಲ! ಬಾವುಟದ ದೇಶ ಸೇಂಟ್ ವಿನ್ಸೆಂಟ್, ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಯಿತು. ಆ ಮಂಡಳಿಗೆ ಬಂದ ಮೊದಲ ಕೇಸೇ ಇದು. 1999ರಲ್ಲಿ ಗಿನಿ ಸೋತು, 21,23,357 ಡಾಲರ್ ಪರಿಹಾರ ಕೊಡಬೇಕಾಯಿತು.

'ಕಳ್ಳಸಾಗಣೆದಾರರಿಗೆ ಯಾಕಪ್ಪ ಕನಿಕರ' ಅಂತಾನೆ ನನ್ನ ಗೆಳೆಯ. ಕಳ್ಳಮಾಲು ಹಿಡಿಯಬೇಡಿ ಅಂತ ನಾನೂ ಹೇಳುತ್ತಿಲ್ಲ. ನಮ್ಮ 1962ರ ಕಸ್ಟಮ್ಸ್ ಕಾಯ್ದೆಯ 115ನೇ ಸೆಕ್ಷನ್ ನೋಡಿ. ತನಗೂ, ತನ್ನ ಏಜೆಂಟ್‌ಗೂ, ಹಡಗು ನಡೆಸುವವನಿಗೂ ಗೊತ್ತಿರಲಿಲ್ಲ ಅಂತ ಮಾಲೀಕ ಸಾಬೀತು ಮಾಡಿದರೆ ಹಡಗು ಜಪ್ತಿ ಇಲ್ಲ. ಬಾಡಿಗೆಗೆ ಓಡುವ ಹಡಗಾದರೆ ಜಪ್ತಿ ಬದಲು ದಂಡ ಕಟ್ಟಬಹುದು. ಆ ದಂಡವೂ ಕಳ್ಳಮಾಲಿನ ಪೇಟೆ ಬೆಲೆಯನ್ನು ಮೀರುವಂತಿಲ್ಲ. ಉತ್ತರ ಹೇಳಬೇಕಾದವನು ಮಾಲೀಕ. ನನಗೆ ಇದೇ ಸರಿ ಕಾಣುತ್ತದೆ. ಹಡಗು ಹಿಡಿದಿಟ್ಟುಕೊಳ್ಳಲಿ, ಮಾಲೀಕನಿಂದ ವಸೂಲಿ ಮಾಡಲಿ. ಮನುಷ್ಯರನ್ನು ಅಡ ಇಟ್ಟುಕೊಳ್ಳೋದು ಮಾತ್ರ ಬೇಡ.

4 ಲಕ್ಷ ಡಾಲರ್ ಭದ್ರತೆ ತಗೊಂಡು ಹಡಗನ್ನೂ ಅದರ ಸಿಬ್ಬಂದಿಯನ್ನೂ ಬಿಟ್ಟುಬಿಡಿ ಅಂತ ನ್ಯಾಯಮಂಡಳಿ ಕೊನೆಯ ತೀರ್ಪಿಗೂ ಮೊದಲೇ ಹೇಳಿದ್ದು 1997ರ ಡಿಸೆಂಬರ್ 4ಕ್ಕೆ. ಸೈಗಾ ಬಿಡುಗಡೆ ಆಗಿದ್ದು 1998ರ ಫೆಬ್ರವರಿ 28ಕ್ಕೆ. ಹಿಡಿದಾಗಿನಿಂದ ನಾಲ್ಕು ತಿಂಗಳು. ನಮ್ಮಪ್ಪನದ್ದು ಎರಡೇ ರಾತ್ರಿ. ಅಷ್ಟಕ್ಕೇ ಅಮ್ಮ ಅನ್ನ ಬಿಟ್ಟು ಬಾಗಿಲಲ್ಲಿ ಕೂತಿದ್ದರು.