ಪ್ಲಾನ್ ಬರೆಯೋದು ಎರಡೇ ದಿನದ ಕೆಲಸ

"ಸಾರ್, ಒಂದು ಪ್ಲಾನ್ ಬರೆದುಕೊಡಿ, ಮುಂದಿನ ತಿಂಗಳು ಗುದ್ದಲಿ ಪೂಜೆ." ವಾರಕ್ಕೊಬ್ಬರಾದರೂ ಹೀಗೆ ಬರುತ್ತಾರೆ. ಕ್ಯಾಲೆಂಡರ್ ಹಾಳೆಯ ಹಿಂದೆ ದೇವರಮನೆ, ಅಡುಗೆಮನೆ ಎಲ್ಲಾ ಗೀಚಿಕೊಂಡಿರುತ್ತಾರೆ. ನಾನು ಆ ಹಾಳೆ ಪಕ್ಕಕ್ಕಿಟ್ಟು ಕ್ರಯಪತ್ರ ಕೇಳುತ್ತೇನೆ. ಮುಖ ಸಣ್ಣಗಾಗುತ್ತೆ.

ಬೆಂಗಳೂರಲ್ಲಿ ನಕ್ಷೆ ಮಂಜೂರಾತಿ ಅಂದರೆ ಮುಕ್ಕಾಲು ಪಾಲು ಕಾಗದದ ಕೆಲಸ. ಕ್ರಯಪತ್ರ, ಖಾತಾ, ಆಸ್ತಿ ಮೇಲೆ ಸಾಲ-ವ್ಯವಹಾರ ಏನಿದೆ ಅಂತ ತೋರಿಸೋ ಇಸಿ, ಕಂದಾಯ ರಸೀದಿ, ಹೊಲವಾಗಿದ್ದರೆ ಅದನ್ನ ಮನೆ ಕಟ್ಟೋ ಜಾಗ ಅಂತ ಬದಲಾಯಿಸಿದ ಕನ್ವರ್ಷನ್ ಆದೇಶ. ಎಲ್ಲದರಲ್ಲೂ ಒಂದೇ ಹೆಸರು, ಒಂದೇ ಅಳತೆ ಇರಬೇಕು. ಇರಲ್ಲ.

ಹೋದ ವರ್ಷ ಒಬ್ಬ ಮೇಷ್ಟ್ರು ಬಂದಿದ್ದರು. ಮೂವತ್ತು ನಲವತ್ತು ಸೈಟು. ಖಾತಾದಲ್ಲಿ ಹೆಸರಿಗೆ ಒಂದು ಇನಿಶಿಯಲ್, ಕ್ರಯಪತ್ರದಲ್ಲಿ ಎರಡು. ಅದು ಹೇಗೋ ಸರಿಹೋಗುತ್ತೆ. ಟೇಪ್ ಹಿಡಿದರೆ ಪೂರ್ವ-ಪಶ್ಚಿಮ ಸಿಕ್ಕಿದ್ದು 29 ಅಡಿ 2 ಇಂಚು. ಮತ್ತೊಮ್ಮೆ ಹಿಡಿದೆವು, ಅಷ್ಟೇ. ಪತ್ರದಲ್ಲಿ ಬರೆದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಸರಿಯಾಗಿಯೇ ಇತ್ತು. ಹತ್ತು ಇಂಚು ಪಕ್ಕದವರ ಕಾಂಪೌಂಡ್ ಒಳಗಿತ್ತು.

ಇನ್ನು ಬಿ ಖಾತಾದವರ, ಅಂದರೆ ಕಾಗದ ನೆಟ್ಟಗಿಲ್ಲದ ಸೈಟಿನವರ ಮಾತು. "ಇಷ್ಟು ವರ್ಷದಿಂದ ಕಂದಾಯ ಕಟ್ಟುತ್ತಿದ್ದೀವಲ್ಲ ಸಾರ್?" ಕಂದಾಯ ಕಟ್ಟಿಸಿಕೊಳ್ಳೋಕೆ ಇಟ್ಟಿರೋ ಪುಸ್ತಕ ಅದು, ಅದರ ಮೇಲೆ ನಕ್ಷೆ ಮಂಜೂರು ಮಾಡಿ ಅಂತ ಕೇಳೋಕಾಗಲ್ಲ ಅಂತ ಹೇಳೋಕೆ ನನಗೂ ಬೇಜಾರು. ತಪ್ಪು ಇವರದ್ದಲ್ಲ. ಕನ್ವರ್ಷನ್ ಇಲ್ಲದೆ ಲೇಔಟ್ ಮಾಡಿ ಮಾರಿದವನು ಯಾವತ್ತೋ ಕೈತೊಳೆದುಕೊಂಡಿರುತ್ತಾನೆ. ಊರು ಎಷ್ಟು ಬೆಳೆದಿದೆ ನೋಡಿ. 2007ರಲ್ಲಿ ಒಪ್ಪಿಗೆಯಾದ, 2015ರ ಹೆಸರಿನ ಮಾಸ್ಟರ್ ಪ್ಲಾನನ್ನೇ ನಾವಿನ್ನೂ ತಿರುವಿಹಾಕುತ್ತಿದ್ದೇವೆ.

2024ರಲ್ಲಿ ನಂಬಿಕೆ ನಕ್ಷೆ ಅನ್ನೋ ಆನ್‌ಲೈನ್ ಮಂಜೂರಾತಿ ಯೋಜನೆ ಬಂತು. ಐವತ್ತಕ್ಕೆ ಎಂಬತ್ತು ಅಡಿವರೆಗಿನ ಸೈಟಿಗೆ ನನ್ನಂಥ ನೋಂದಾಯಿತ ಎಂಜಿನಿಯರ್ ಆನ್‌ಲೈನಲ್ಲೇ ನಕ್ಷೆ ಹಾಕಬಹುದು. ಓಡಾಟ ತಪ್ಪಿತು, ನಿಜ. ಆದರೆ ಕಾಗದ ತಪ್ಪಿದ್ದರೆ ಸಿಕ್ಕಿಹಾಕಿಕೊಳ್ಳೋದು ಸಹಿ ಹಾಕಿದ ನಾನು. ಅದಕ್ಕೇ ಜಾಸ್ತಿ ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ.

ನನಗೆ ತಲೆಕೆಡಿಸೋದು ಬೇರೆ. "ಸ್ಯಾಂಕ್ಷನ್‌ಗೆ ಒಂದು ಪ್ಲಾನ್, ಕಟ್ಟೋಕೆ ಇನ್ನೊಂದು ಕೊಡಿ" ಅಂತಾರೆ. ಈಶಾನ್ಯ ಒಂದಿಂಚು ಆಚೀಚೆ ಆದರೆ ಒಪ್ಪಲ್ಲ, ಮನೆ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಮೂರಡಿ ನುಂಗೋಕೆ ಮಾತ್ರ ಯಾವ ಶಾಸ್ತ್ರವೂ ಅಡ್ಡ ಬರಲ್ಲ! ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನೋ ಪ್ರಮಾಣಪತ್ರ, ಇಲ್ಲದಿದ್ದರೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಜನ ಕಟ್ಟಿದ ಮನೆ ಮುಂದೆ ಮೀಟರಿಗೆ ಕಾದು ಕೂತರು. ಆಮೇಲೆ ಚಿಕ್ಕ ಸೈಟಿನವರಿಗೆ ಸರ್ಕಾರ ಓಸಿ ವಿನಾಯಿತಿ ಕೊಟ್ಟಿತು, ಅದಕ್ಕೂ ಇಷ್ಟೇ ಮಹಡಿ ಅನ್ನೋ ಷರತ್ತಿದೆ. ಎರಡನೇ ಪ್ಲಾನ್ ನಾನು ಬರೆಯಲ್ಲ. ಇದರಿಂದ ಗಿರಾಕಿ ಹೋಗಿದ್ದಾರೆ, ಹೋಗಲಿ.

ಮೇಷ್ಟ್ರಿಗೆ 29 ಅಡಿ 2 ಇಂಚಿಗೇ ಬರೆದುಕೊಟ್ಟೆ. ಮಂಜೂರಾಯಿತು, ಮೋಲ್ಡೂ ಬಿತ್ತು. ಅವರ ಮನೆಯವರು ಈಗಲೂ ಸಿಕ್ಕಾಗೆಲ್ಲ ಕೇಳುತ್ತಾರೆ: "ಆ ಹತ್ತು ಇಂಚಿಗೂ ದುಡ್ಡು ಕೊಟ್ಟಿದ್ವಲ್ಲ ಸಾರ್?"